ಸಹಾಯ ಬೇಕು: ಇಂಟರ್‌ನೆಟ್ ಫೋನ್ ಕಂಪನಿ ಮೇಲಿನ ದೂರುಗಳನ್ನು ಎಷ್ಟು ನಂಬೋದು?

ಎಲ್ಲರಿಗೂ ನಮಸ್ಕಾರ. ನಾವಿರೋದು ನ್ಯೂಜೆರ್ಸಿಯಲ್ಲಿ. ಅತ್ತೆ-ಮಾವ ಜೊತೆಗಿದ್ದಾರೆ, ಇಬ್ಬರಿಗೂ ಮೊಬೈಲ್ ಒಗ್ಗಲ್ಲ. ಹಾಗಾಗಿ ಮನೆಯ ಹಳೇ ಲ್ಯಾಂಡ್‌ಲೈನ್ ನಂಬರನ್ನೇ ಒಂದು ಇಂಟರ್‌ನೆಟ್ ಫೋನ್ ಕಂಪನಿಗೆ ಪೋರ್ಟ್ ಮಾಡಿಸೋಣ ಅಂತಿದ್ದೀವಿ. ವರ್ಷದ ದುಡ್ಡು ಮುಂಗಡ ಕಟ್ಟಿದರೆ ತುಂಬ ಅಗ್ಗ.

ಆದರೆ ಆ ಕಂಪನಿ ಮೇಲಿನ ದೂರುಗಳು ತಲೆ ಕೆಡಿಸಿವೆ. "ಮಹಾ ಮೋಸಗಾರರು" ಅಂದವರು ತಾರೀಖು, ಬಿಲ್ಲು ಏನೂ ಹಾಕಿಲ್ಲ. ಇನ್ನೊಬ್ಬರದು, ಆ ಕಡೆಯವರ ಮಾತು ನಮಗೆ ಕೇಳುತ್ತೆ, ನಮ್ಮದು ಅವರಿಗೆ ಕೇಳಲ್ಲ ಅಂತ. ಇದು ಎಷ್ಟೋ ಸಲ ಮನೆ ರೂಟರಿನ ಸಿಪ್ ಎಎಲ್‌ಜಿ (ಇಂಟರ್‌ನೆಟ್ ಕರೆಯ ಡೇಟಾವನ್ನು ರೂಟರೇ ನಡುವೆ ತಿದ್ದೋ) ಸೆಟ್ಟಿಂಗಿನ ಕಿತಾಪತಿ, ಅದಕ್ಕೆ ಕಂಪನಿಯನ್ನು ಬೈಯೋದು ಅನ್ಯಾಯ. ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಪ್ರಕಟಿಸೋ ದೂರುಗಳನ್ನೂ ನೋಡಿದೆ. ಅವರೂ ನಿಜವೋ ಸುಳ್ಳೋ ಅಂತ ಪರಿಶೀಲಿಸಿರಲ್ಲ.

ಹಾಗಂತ ತಳ್ಳಿಹಾಕೋಕೂ ಧೈರ್ಯವಿಲ್ಲ. 2007ರ ಜುಲೈನಲ್ಲಿ ಸನ್‌ರಾಕೆಟ್ ಅನ್ನೋ ಇಂಟರ್‌ನೆಟ್ ಫೋನ್ ಕಂಪನಿ ಇದ್ದಕ್ಕಿದ್ದಂತೆ ಬಾಗಿಲು ಹಾಕಿ, 2 ಲಕ್ಷಕ್ಕೂ ಹೆಚ್ಚು ಗ್ರಾಹಕರನ್ನು ನಡುನೀರಲ್ಲಿ ಬಿಟ್ಟಿತ್ತು. ವರ್ಷದ ಹಣ ಮೊದಲೇ ಕಟ್ಟಿದ್ದವರು ಅವರಲ್ಲಿ ಬಹಳ ಮಂದಿ.

ನನಗೆ ಭಯ ಹುಟ್ಟಿಸಿರೋದು ಒಂದೇ ಬಗೆಯ ದೂರು: ನಂಬರ್ ಬೇರೆ ಕಡೆ ಒಯ್ಯಲು ಬಿಡದೆ ಸತಾಯಿಸ್ತಾರೆ ಅನ್ನೋದು. ಬೇರೆಬೇರೆಯವರು ಬರೆದಿದ್ದಾರೆ, ಪುರಾವೆ ಮಾತ್ರ ಒಬ್ಬರದೂ ಇಲ್ಲ. ಸರಳವಾದ ಪೋರ್ಟಿಂಗ್ ಒಂದೇ ಕೆಲಸದ ದಿನದಲ್ಲಿ ಮುಗಿಯಬೇಕು ಅನ್ನೋದು ಎಫ್‌ಸಿಸಿ ನಿಯಮ.

ಇಂಥ ಕಂಪನಿಯಿಂದ ನಂಬರ್ ಹೊರಗೆ ತಂದವರು ಯಾರಾದರೂ ಇದ್ದೀರಾ? ಎಷ್ಟು ದಿನ ಹಿಡೀತು? ತಡ ಆಗಿದ್ದರೆ ಏನು ಕಾರಣ ಕೊಟ್ಟರು? ತುರ್ತು ಸಹಾಯದ ನಂಬರ್ 911ಕ್ಕೆ ಮನೆ ವಿಳಾಸ ಸರಿಯಾಗಿ ದಾಖಲಾಯ್ತಾ? ಕೇಳಿದ ಸುದ್ದಿ ಬೇಡ, ಸ್ವಂತ ಅನುಭವ ಇದ್ದರೆ ದಯವಿಟ್ಟು ಹೇಳಿ. ಕಂಪನಿ ಹೆಸರು ಇನ್‌ಬಾಕ್ಸಲ್ಲಿ ತಿಳಿಸ್ತೀನಿ. ಸಾಬೀತಾಗದ ಮಾತಿಗೆ ಇಲ್ಲಿ ಹೆಸರು ಕೆಡಿಸೋದು ಬೇಡ.