ಏರಿಯಾ ಫುಟ್‌ಬಾಲ್ ಫೈನಲ್: ಗಲಾಟೆ ಆಗದ ಹಾಗೆ ಏನು ಮಾಡಬೇಕು?

ಹಲಸೂರ್ ವಿಂಗರ್:
ಆಸ್ಟಿನ್ ಟೌನ್ ಕಡೆ ಫೈನಲ್ ಇಟ್ಕೊಂಡಿದೀವಿ. ಎರಡು ಸಾವಿರ ಜನ ಸೇರಬಹುದು. ಸೆಮಿಫೈನಲ್‌ನಲ್ಲೇ ಬಾಟಲಿ ತೂರಾಟ ಆಯ್ತು, ರೆಫರಿಗೆ ಮುತ್ತಿಗೆ ಹಾಕಿದ್ರು. ಜಾಸ್ತಿ ಪೊಲೀಸರನ್ನ ಕೇಳ್ಕೊಂಡ್ರೆ ಸಾಕಾ?

ಪಶ್ಚಿಮ ಗ್ಯಾಲರಿ:
ಸಾಕಾಗಲ್ಲ, ಕೆಲವು ಸಲ ಅದೇ ಕೆಡಿಸುತ್ತೆ. ಲಾಠಿ ಬೀಸಿದಾಗ ಏಟು ಬೀಳೋದು ಸುಮ್ಮನೆ ನಿಂತವನಿಗೂ. ಅಲ್ಲಿವರೆಗೆ ಪುಂಡರಿಂದ ದೂರ ಇದ್ದವನು ಆಗ ಅವರ ಜೊತೆಗೇ ನಿಲ್ತಾನೆ. 2004ರ ಯೂರೋದಲ್ಲಿ (ಯುರೋಪ್ ದೇಶಗಳ ಫುಟ್‌ಬಾಲ್ ಕಪ್) ಪೋರ್ಚುಗಲ್ ಇದನ್ನ ತೋರಿಸಿಕೊಟ್ಟಿತು. ಪಂದ್ಯ ನಡೆದ ಊರುಗಳಲ್ಲಿ ಮಾಮೂಲಿ ಯೂನಿಫಾರ್ಮಿನ ಪೊಲೀಸರು ಜನರ ಮಧ್ಯೆ ಮಾತಾಡಿಸ್ತಾ ಓಡಾಡಿದ್ರು, ಗಲಭೆ ನಿಗ್ರಹ ಪಡೆ ಕಣ್ಣಿಗೇ ಬೀಳ್ತಿರಲಿಲ್ಲ. ಇಂಗ್ಲೆಂಡ್ ಅಭಿಮಾನಿಗಳು ಅಲ್ಲಿ ತೆಪ್ಪಗಿದ್ರು. ಬೇರೆ ಪಡೆ, ಬೇರೆ ರೀತಿಯ ಬಂದೋಬಸ್ತ್ ಇದ್ದ ಆಲ್ಬುಫೇರಾ ಅನ್ನೋ ಅಲ್ಲಿನ ಬೀಚ್ ಊರಲ್ಲಿ ಮಾತ್ರ ಗಲಭೆ ಆಯ್ತು.

ಎರಡೂ ಏರಿಯಾದಿಂದ ಹುಡುಗರು ಮಾತು ಕೇಳೋ ಹತ್ತತ್ತು ಜನರನ್ನ ವಾಲಂಟಿಯರ್ ಮಾಡಿ. ಬಾಟಲಿ ಎಸೆದವನೊಬ್ಬನನ್ನೇ ಹೊರಗೆ ಕರ್ಕೊಂಡು ಹೋಗ್ಲಿ. ಅದಕ್ಕಾಗಿ ಇಡೀ ಗ್ಯಾಲರಿ ಮೇಲೆ ಬೀಳಬೇಡಿ.

ಗೇಟ್ ನಂ. 4:
ಗೇಟ್ ಲೆಕ್ಕ ಮೊದಲು ಹಾಕಿ. ಬ್ರಿಟನ್ನಿನ ಸ್ಟೇಡಿಯಂ ಸುರಕ್ಷತಾ ಕೈಪಿಡಿ ‘ಗ್ರೀನ್ ಗೈಡ್’ ಪ್ರಕಾರ ಒಂದು ಟರ್ನ್‌ಸ್ಟೈಲಿನಲ್ಲಿ (ಒಬ್ಬೊಬ್ಬರನ್ನೇ ಬಿಡೋ ತಿರುಗು ಗೇಟ್) ಗಂಟೆಗೆ ಹೆಚ್ಚೆಂದರೆ 660 ಜನ. ಬ್ಯಾಗ್ ತಪಾಸಣೆ ಇದ್ರೆ ಇನ್ನೂ ಕಮ್ಮಿ. ನಿಮಗೆ ನಾಲ್ಕು ದಾರಿ ಬೇಕು, ಒಂದೊಂದು ತಂಡದ ಕಡೆಯವರಿಗೆ ಎರಡರಂತೆ. ಒಂದೂವರೆ ಗಂಟೆ ಮುಂಚೆ ತೆರೀರಿ. ಕಿಕ್‌ಆಫ್ ವಿಸಿಲ್ ಕೇಳಿಸ್ತಿದ್ರೂ ಹೊರಗೇ ನಿಂತಿರೋ ಸಾಲಿನಲ್ಲೇ ತಳ್ಳಾಟ ಶುರುವಾಗೋದು.

ಹೊರಗೆ ಹೋಗೋಕೆ ಸಮತಟ್ಟಾದ ದಾರಿಯಲ್ಲಿ ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನ. ಅಂದ್ರೆ ಎರಡು ಮೀಟರಿನ ಗೇಟಲ್ಲಿ ಸಾವಿರ ಜನಕ್ಕೆ ಆರು ನಿಮಿಷ ಚಿಲ್ಲರೆ. ಗೇಟ್ ಒಳಕ್ಕೆ ತೆರೆಯೋದಾದ್ರೆ ಪಂದ್ಯ ಮುಗಿಯೋ ಮುಂಚೆಯೇ ಪೂರ್ತಿ ತೆಗೆದು ಕೊಕ್ಕೆ ಹಾಕಿ. ಬೀಗ ಬೇಡವೇ ಬೇಡ, ಪಕ್ಕದಲ್ಲಿ ಮನುಷ್ಯ ಇರ್ಲಿ. 2022ರ ಅಕ್ಟೋಬರ್ 1ರಂದು ಇಂಡೋನೇಷ್ಯಾದ ಕಂಜುರುಹಾನ್‌ನಲ್ಲಿ ಗ್ಯಾಲರಿಗೆ ಅಶ್ರುವಾಯು ಬಿಟ್ರು, ಜನ ಇಕ್ಕಟ್ಟಾದ ಗೇಟುಗಳಲ್ಲಿ ಸಿಕ್ಕಿಹಾಕಿಕೊಂಡ್ರು. ಸತ್ತವರು 135. ಅಂಥ ಗ್ಯಾಸ್ ಬಳಸಬಾರದು ಅಂತ ಫಿಫಾ ಸುರಕ್ಷತಾ ನಿಯಮದಲ್ಲೇ ಇತ್ತು.

ಹಳೇ ಲೈನ್ಸ್‌ಮನ್:
ರೆಫರಿ ವಿಷಯ ಯಾರೂ ಹೇಳ್ಲಿಲ್ಲ. ಟಚ್‌ಲೈನಿನಿಂದ (ಮೈದಾನದ ಉದ್ದದ ಅಂಚಿನ ಗೆರೆ) ಮೂರು ಮೀಟರ್ ದೂರ ಹಗ್ಗ ಕಟ್ಟಿ. ರೆಫರಿ ಒಳಗೆ ಹೋಗೋ ದಾರಿ ಜನ ನಿಲ್ಲದ ಕಡೆ ಇರ್ಲಿ. ಪೆನಾಲ್ಟಿ ಶೂಟೌಟ್ ಬಂದ್ರೆ ಯಾವ ಗೋಲ್ ಅನ್ನೋದನ್ನ ಪಂದ್ಯಕ್ಕೆ ಮುಂಚೆಯೇ ಇಬ್ಬರು ಕ್ಯಾಪ್ಟನ್ನರಿಗೂ ಹೇಳಿ. ಬೆಳಿಗ್ಗೆ ಬೌಂಡರಿ ಸುತ್ತ ಬಿದ್ದಿರೋ ಜಲ್ಲಿಕಲ್ಲು ಆರಿಸಿ ಹಾಕಿ, ಕಾಂಪೌಂಡ್ ಕೆಲಸ ನಡೆದಿದ್ರಂತೂ ಕಡ್ಡಾಯ. ನೀರು ಡ್ರಮ್ಮಿನಲ್ಲಿಟ್ಟು ಪೇಪರ್ ಲೋಟ ಕೊಡಿ, ಬಾಟಲಿ ಮಾರಾಟ ಬೇಡ.

ಸೋತವರ ಗೇಟ್ ಮೊದಲು ತೆರೀರಿ. ಗೆದ್ದವರು ಕಪ್ ನೋಡೋಕೆ ಹೇಗೂ ಒಳಗೇ ಇರ್ತಾರೆ. ಮುಖ್ಯ ಅತಿಥಿಗಳ ಭಾಷಣಕ್ಕೂ ಜನ ಸಿಕ್ಕಂಗಾಗುತ್ತೆ!

ಹಲಸೂರ್ ವಿಂಗರ್:
ಥ್ಯಾಂಕ್ಸ್. ತಮಟೆ ನಿಲ್ಲಿಸಬೇಕಾ?

ಪಶ್ಚಿಮ ಗ್ಯಾಲರಿ:
ಯಾಕೆ? ಹಾಡ್ತಾ ಬಡೀತಾ ಇರೋರಿಗೆ ಕೈ ಖಾಲಿ ಇರಲ್ಲ. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ನವರನ್ನ ನೋಡಿ. ಪಟಾಕಿ ಮಾತ್ರ ಗೇಟಲ್ಲೇ ಕಿತ್ಕೊಳ್ಳಿ.