ಚರಂಡಿ ಅರ್ಜಿಗೆ ಕಾಲೋನಿಯವರನ್ನೂ ಸೇರಿಸಿಕೊಳ್ಳೋಣ (ನಮ್ಮ ಬಡಾವಣೆಯ ಗ್ರೂಪಿನ ಮಾತುಕತೆ)

2ನೇ ಕ್ರಾಸ್ ನಿವಾಸಿ: ರಾತ್ರಿ ಮಳೆಗೆ ಚರಂಡಿ ಮತ್ತೆ ಉಕ್ಕಿದೆ. ಕಾಲೋನಿ ಕಡೆಯ ನೀರೆಲ್ಲ ನಮ್ಮ ಗೇಟಿನ ಹತ್ತಿರ ನಿಂತಿದೆ. ಅವರು ದುಡ್ಡು ತಗೊಂಡು ಓಟು ಹಾಕುತ್ತಾರೆ, ಕಷ್ಟ ನಮಗೆ.

4ನೇ ಕ್ರಾಸ್ ಮೇಷ್ಟ್ರು: ಸಾರ್, ಹಾಗನ್ನಬೇಡಿ. ದುಡ್ಡು ಹಂಚುವವರು ಎಲ್ಲ ಬೀದಿಗೂ ಹೋಗುತ್ತಾರೆ. ನಾನು ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಆಗಿ ಅಲ್ಲಿ ಮನೆ ಮನೆ ತಿರುಗಿದವನು. ಒಬ್ಬ ತಾಯಿ ತಗಡಿನ ಪೆಟ್ಟಿಗೆಯಿಂದ ಪ್ಲಾಸ್ಟಿಕ್ ಕವರ್ ತೆಗೆದು ತೋರಿಸಿದರು. ಆಧಾರ್, ರೇಷನ್ ಕಾರ್ಡ್ ಎಲ್ಲ ಇತ್ತು, ಹಕ್ಕುಪತ್ರ ಮಾತ್ರ ಇರಲಿಲ್ಲ. "ಬೇರೆಯವರಿಗೆ ಹಾಕಿದರೆ ಮನೆ ಉಳಿಯುತ್ತಾ ಮೇಷ್ಟ್ರೇ?" ಅಂದರು. ಒಬ್ಬೊಬ್ಬರ ಓಟು ಗುಟ್ಟು, ನಿಜ. ಆದರೆ ಇವಿಎಂ ಎಣಿಕೆಯಲ್ಲಿ ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತು ಅಂತ ಗೊತ್ತಾಗಿಬಿಡುತ್ತದೆ. ಇಡೀ ಕಾಲೋನಿಗೆ ಒಂದೇ ಮತಗಟ್ಟೆ. "ನಿಮ್ಮ ಕಡೆ ಓಟು ಬರಲಿಲ್ಲ" ಅಂತ ನಲ್ಲಿ, ಬೀದಿದೀಪ ಎಲ್ಲ ತಡೆಯಬಹುದು ಅನ್ನುವ ಹೆದರಿಕೆ ಸುಮ್ನೆ ಬಂದದ್ದಲ್ಲ.

3ನೇ ಕ್ರಾಸ್ ಗೃಹಿಣಿ: ನಮ್ಮನೆ ಕೆಲಸಕ್ಕೆ ಬರುವ ಅಕ್ಕನ ಹೆಸರೇ ಮತದಾರರ ಪಟ್ಟಿಯಲ್ಲಿಲ್ಲ. ಬಾಡಿಗೆ ಮನೆ ಬದಲಾಯಿಸಿದ ಮೇಲೆ ಹೋಯಿತಂತೆ. ಗಂಡ ಕೋಲಾರದ ಟೊಮೆಟೊ ಮಂಡಿಯಲ್ಲಿ ಹಮಾಲಿ. ಕಚೇರಿಗೆ ಅಲೆದರೆ ಆ ದಿನದ ಕೂಲಿ ಹೋಯಿತು.

ಮೇಷ್ಟ್ರು: ಹೆಸರು ಪೂರ್ತಿ ತೆಗೆದಿದ್ದರೆ ನಮೂನೆ 6, ವಿಳಾಸ ಮಾತ್ರ ಬದಲಾಗಿದ್ದರೆ ನಮೂನೆ 8. ವಿಧಾನಸಭೆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸ್ಥಳೀಯ ಚುನಾವಣೆಯ ವಾರ್ಡ್ ಪಟ್ಟಿಗೂ ಬರುವುದಿಲ್ಲ. ಮೊದಲು ಅದನ್ನು ಸರಿ ಮಾಡಿಸಿ.

ಕಾಲೋನಿಯ ಕಾಲೇಜು ವಿದ್ಯಾರ್ಥಿನಿ: 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯಿಂದ ನಮ್ಮ ದಲಿತರಿಗೂ ವಾರ್ಡ್ ಮೀಸಲಾತಿ ಕಡ್ಡಾಯವಾಯಿತು. ಆದರೆ ಮೀಸಲು ವಾರ್ಡಿನಲ್ಲೂ ಗೆಲ್ಲಲು ಎಲ್ಲ ಜಾತಿಯ ಓಟು ಬೇಕು. ಹಾಗಾಗಿ ನಮಗಾಗಿ ಗಟ್ಟಿಯಾಗಿ ಕೇಳುವವರಿಗಿಂತ ಯಾರಿಗೂ ಎದುರಾಡದವರಿಗೇ ಟಿಕೆಟ್ ಸಿಗುತ್ತದೆ. ಇನ್ನು ಚರಂಡಿ ವಿಷಯ. ನಾವೂ ಅರ್ಜಿ ಬರೆದಿದ್ದೇವೆ. ಸಹಿ ಹಾಕಿದವರ ಮನೆಗೆ ಕೆಲವರು ಬಂದು "ಯಾಕೆ ಬೇಕಿತ್ತು?" ಅಂತ ಕೇಳಿದರು, ಆಮೇಲೆ ಯಾರೂ ಮುಂದೆ ಬರಲಿಲ್ಲ.

2ನೇ ಕ್ರಾಸ್ ನಿವಾಸಿ: ಹಾಗಾದರೆ ಅರ್ಜಿ ಒಂದೇ ಇರಲಿ ತಂಗಿ. ಮೊದಲ ಹಾಳೆಯ ಸಹಿ ನಮ್ಮ ಕ್ರಾಸಿನವರದ್ದು. ಕೇಳುವವರು ನಮ್ಮನ್ನೇ ಕೇಳಲಿ.

ಅಡ್ಮಿನ್: ಭಾನುವಾರ ಸಂಜೆ 5ಕ್ಕೆ, ಕಾಲೋನಿಯ ಅಂಗನವಾಡಿ ಮುಂದೆ. ನಮ್ಮ ಪಾರ್ಕಿನಲ್ಲಿ ಕರೆದರೆ ಅವರು ಸಂಕೋಚ ಪಡುತ್ತಾರೆ, ಅಲ್ವಾ? ಮೇಷ್ಟ್ರೇ, ನಮೂನೆ 6, 8 ಎರಡೂ ತನ್ನಿ. ಮೊಬೈಲಿನಲ್ಲಿ ಅರ್ಜಿ ಹಾಕಲು ಬರುವವರು ಇಬ್ಬರು ಬೇಕು, ಹೆಸರು ಕೊಡಿ.