‘ಸರ್ವಾಧಿಕಾರಿ’, ‘ನಿರಂಕುಶಾಧಿಕಾರಿ’: ಎರಡೂ ಒಂದೆಯೇ?

ಮಾನ್ಯರೇ,

ಎರಡು ಮಹಾಯುದ್ಧಗಳ ನಡುವಿನ ಜರ್ಮನಿಯನ್ನು ಕುರಿತು ಲೇಖನ ಬರೆಯುತ್ತಿದ್ದೇನೆ. ಹಿಟ್ಲರನನ್ನು ‘ಸರ್ವಾಧಿಕಾರಿ’ ಎನ್ನಬೇಕೋ ‘ನಿರಂಕುಶಾಧಿಕಾರಿ’ ಎನ್ನಬೇಕೋ ಎಂಬಲ್ಲಿ ಪದೇ ಪದೇ ತಡೆಯುತ್ತಿದೆ. ಪತ್ರಿಕೆಗಳಲ್ಲಿ ಒಂದರ ಬದಲು ಇನ್ನೊಂದನ್ನು ಬಳಸುವ ರೂಢಿಯಿದ್ದರೂ ಇವು ಒಂದೇ ಅರ್ಥದವೆಂದು ನನಗೆ ತೋರುವುದಿಲ್ಲ. ಹೊಯ್ಸಳರ ಶಾಸನಗಳಲ್ಲಿ ‘ಸರ್ವಾಧಿಕಾರಿ’ ಎಂಬುದು ರಾಜನ ಕೈಕೆಳಗಿನ ಹಿರಿಯ ಅಧಿಕಾರಿಯ ಪದವಿ. ಅಂದರೆ ಅಧಿಕಾರ ಕೊಟ್ಟವನೊಬ್ಬನು ಅವನ ಮೇಲಿದ್ದಾನೆ. ‘ನಿರಂಕುಶ’ ಎಂದಾಗ ಆನೆಯನ್ನು ಹಿಡಿತದಲ್ಲಿಡುವ ಅಂಕುಶವೇ ಇಲ್ಲ. ರೋಮನ್ ಗಣರಾಜ್ಯದ ಡಿಕ್ಟೇಟರ್ ಕೂಡ ಮೊದಲಿಗೆ ಆಪತ್ಕಾಲದಲ್ಲಿ ಹೆಚ್ಚೆಂದರೆ ಆರು ತಿಂಗಳಿಗೆ ನೇಮಕವಾಗುತ್ತಿದ್ದವನು, ಕ್ರಿ.ಪೂ. 82ರಲ್ಲಿ ಸೇನಾಪತಿ ಸುಲ್ಲಾ ಗಡುವಿಲ್ಲದೆ ಆ ಸ್ಥಾನಕ್ಕೆ ಬಂದ.

ಜರ್ಮನಿಯಲ್ಲಿಯೂ ಕೊಡುವಿಕೆಯೇ ಮೊದಲು. 1928ರಲ್ಲಿ ಶೇ. 2.6ರಷ್ಟು ಮತ ಪಡೆದಿದ್ದ ನಾಜಿ ಪಕ್ಷವು, ಆರ್ಥಿಕ ಮಹಾಕುಸಿತದಿಂದ ನಿರುದ್ಯೋಗಿಗಳ ಸಂಖ್ಯೆ 60 ಲಕ್ಷದ ಆಸುಪಾಸಿಗೆ ಏರಿದ್ದ 1932ರಲ್ಲಿ, ಜುಲೈ ಚುನಾವಣೆಯಲ್ಲಿ ಶೇ. 37.3ಕ್ಕೆ ತಲುಪಿತು. ಅಷ್ಟರೊಳಗೆ ಸಂಸತ್ತಿನಲ್ಲಿ ಬಹುಮತ ಕೂಡಿಬರದೆ, ಸಂವಿಧಾನದ 48ನೆಯ ವಿಧಿಯಡಿ ಅಧ್ಯಕ್ಷ ಹಿಂಡೆನ್‌ಬರ್ಗ್ ಹೊರಡಿಸುತ್ತಿದ್ದ ತುರ್ತು ಆಜ್ಞೆಗಳಿಂದಲೇ ಆಡಳಿತ ನಡೆಸುವುದು ವಾಡಿಕೆಯಾಗಿತ್ತು. ಈ ವಾಡಿಕೆಯನ್ನು ನಮ್ಮ ಬರಹಗಳು ಹಗುರವಾಗಿ ದಾಟಿಬಿಡುತ್ತವೆ. ನನ್ನ ಮಟ್ಟಿಗೆ ಹಿಟ್ಲರ್ ಅಧಿಕಾರಕ್ಕೆ ಬರಲು ಇದು ನಿರುದ್ಯೋಗದಷ್ಟೇ ದೊಡ್ಡ ಕಾರಣ. 1933ರ ಜನವರಿ 30ರಂದು ಹಿಟ್ಲರ್ ಚಾನ್ಸಲರ್ ಆದದ್ದು ಅದೇ ಅಧ್ಯಕ್ಷರ ನೇಮಕದಿಂದ. ಆದ್ದರಿಂದ ‘ಅಧಿಕಾರವನ್ನು ಕಬಳಿಸಿದ’ ಎಂದು ನಾವು ಸಲೀಸಾಗಿ ಬರೆಯುವ ಮಾತು ಆ ದಿನಕ್ಕೆ ಒಪ್ಪುವುದಿಲ್ಲ.

ಅದೇ ವರ್ಷದ ಮಾರ್ಚ್ 23ರ ಸಂಸತ್ ಕಲಾಪವನ್ನು ವರ್ಣಿಸುವಾಗ ತೊಡಕು ಇನ್ನೂ ಹೆಚ್ಚುತ್ತದೆ. ಸಂಸತ್ ಭವನ ಬೆಂಕಿಗೆ ತುತ್ತಾಗಿದ್ದುದರಿಂದ ಸಭೆ ಸೇರಿದ್ದು ಕ್ರೋಲ್ ಒಪೆರಾ ಭವನದಲ್ಲಿ. ಕಮ್ಯುನಿಸ್ಟ್ ಸದಸ್ಯರನ್ನು ಒಳಬಿಟ್ಟಿರಲಿಲ್ಲ, ಸಮವಸ್ತ್ರ ತೊಟ್ಟ ನಾಜಿ ಪಡೆಯವರು ಸಭಾಂಗಣದಲ್ಲೇ ನಿಂತಿದ್ದರು. ಸಂಸತ್ತಿನ ಹಂಗಿಲ್ಲದೆ ಕಾನೂನು ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟ ಕಾಯಿದೆ ಅಲ್ಲಿ 444–94 ಮತಗಳಿಂದ ಅಂಗೀಕಾರವಾಯಿತು. ಅದರ ಜರ್ಮನ್ ಹೆಸರನ್ನು ಕನ್ನಡಿಸಿದರೆ ‘ಜನತೆಯ ಮತ್ತು ರಾಷ್ಟ್ರದ ಸಂಕಷ್ಟವನ್ನು ನಿವಾರಿಸುವ ಕಾಯಿದೆ’ ಎಂದಾಗುತ್ತದೆ. ಅದಕ್ಕೂ ನಾಲ್ಕು ವರ್ಷಗಳ ಗಡುವಿತ್ತು. 1937ರಲ್ಲಿ ಗಡುವನ್ನು ವಿಸ್ತರಿಸಲಾಯಿತು.

ಈ ಕಾಯಿದೆಯಿಂದ ಅಧಿಕಾರ ಪಡೆದ ಹಿಟ್ಲರನಿಗೆ ‘ಸರ್ವಾಧಿಕಾರಿ’ ಎಂದೂ, ಹಿಂಡೆನ್‌ಬರ್ಗ್ ತೀರಿಕೊಂಡು ಅಧ್ಯಕ್ಷ ಸ್ಥಾನವೂ ಅವನದೇ ಆದ 1934ರ ಆಗಸ್ಟ್ ನಂತರ ‘ನಿರಂಕುಶಾಧಿಕಾರಿ’ ಎಂದೂ ಬಳಸಬೇಕೆಂದುಕೊಂಡಿದ್ದೇನೆ. ಈ ಭೇದ ಓದುಗರಿಗೆ ತಾನಾಗಿ ತಿಳಿಯುವುದೇ, ಅಥವಾ ಮೊದಲೇ ವಿವರಿಸಬೇಕೇ? ಹಳೆಯ ಗದ್ಯದಲ್ಲಿ ಈ ಎರಡನ್ನು ಬೇರ್ಪಡಿಸಿ ಬಳಸಿದ ಪ್ರಯೋಗಗಳು ಬಲ್ಲವರ ಗಮನಕ್ಕೆ ಬಂದಿದ್ದರೆ ದಯವಿಟ್ಟು ತಿಳಿಸಿ.